ಒಂದು ಕೊಲೆಯೇ, ಎರಡೇ?

ಅಪರಾಧ ಕಾನೂನು ಕಲಿಸುವವಳು ನಾನು ಎಂದು ತಿಳಿದವರೆಲ್ಲ ಇಂದಲ್ಲ ನಾಳೆ ಕೇಳಿಯೇ ಕೇಳುವ ಪ್ರಶ್ನೆ ಇದು: ಬಸುರಿಯನ್ನು ಯಾರೋ ಹೊಡೆದು ಹೊಟ್ಟೆಯಲ್ಲಿದ್ದ ಮಗು ಸತ್ತರೆ ಅದು ಕೊಲೆಯೇ? ತಾಯಿಯೂ ಸತ್ತರೆ ಕೊಲೆ ಒಂದೇ, ಎರಡೇ? ಬಸುರಿಯನ್ನು ಎರಡು ಜೀವದವಳು ಎನ್ನುವ ಭಾಷೆ ನಮ್ಮದು. ಹಾಗಾಗಿ ‘ಎರಡೇ, ಅದರಲ್ಲಿ ಅನುಮಾನವೇನು’ ಎಂಬ ಉತ್ತರವನ್ನೂ ಅವರೇ ಜೊತೆಗೆ ತಂದಿರುತ್ತಾರೆ. ಕಾನೂನು ಮಾತ್ರ ಎರಡು ಎನ್ನಲು ಶತಮಾನಗಳ ಕಾಲ ಒಪ್ಪಲಿಲ್ಲ.

1969ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಬೆಟ್ಟದ ರಸ್ತೆಯಲ್ಲಿ ಕೀಲರ್ ಎಂಬಾತ ತನ್ನ ಮಾಜಿ ಹೆಂಡತಿಯ ಕಾರಿಗೆ ಅಡ್ಡ ಬಂದ. ಆಕೆ ಬೇರೊಬ್ಬನಿಂದ ಬಸುರಿಯಾದ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಕಾರಿನಿಂದ ಇಳಿದವಳ ಹೊಟ್ಟೆ ನೋಡಿದ, ಇದನ್ನು ತುಳಿದು ಹೊರಹಾಕುತ್ತೇನೆ ಎಂದ, ಆಕೆಯನ್ನು ಕಾರಿಗೆ ಒತ್ತಿ ಹಿಡಿದು ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದ. ಸಿಸೇರಿಯನ್ ಮಾಡಿ ತೆಗೆದಾಗ ಮಗು ಸತ್ತಿತ್ತು. ತಲೆಬುರುಡೆ ಒಡೆದಿತ್ತು. ಎರಡು ಕಿಲೋಗೂ ಮೀರಿ ತೂಗುತ್ತಿದ್ದ ಮಗು ಅದು, ಹೊರಗೆ ಬಂದಿದ್ದರೆ ಬದುಕುವಷ್ಟು ಬೆಳೆದಿತ್ತು.

ಕೀಲರನ ಮೇಲೆ ಕೊಲೆ ಆರೋಪ ಹೊರಿಸಿದರು. 1970ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆರೋಪ ನಿಲ್ಲುವುದಿಲ್ಲ ಎಂದಿತು. ಕೊಲೆಯ ಕಲಮಿನಲ್ಲಿದ್ದ ‘ಮನುಷ್ಯ’ ಎಂಬ ಮಾತಿಗೆ, ಅದನ್ನು ಬರೆದ ಹತ್ತೊಂಬತ್ತನೆಯ ಶತಮಾನದಲ್ಲಿ, ಜೀವಂತವಾಗಿ ಹುಟ್ಟಿದವರು ಎಂದೇ ಅರ್ಥ. ಕೃತ್ಯ ನಡೆದ ಮೇಲೆ ನ್ಯಾಯಾಧೀಶರು ಆ ಅರ್ಥವನ್ನು ಹಿಗ್ಗಿಸಿ ಒಬ್ಬನನ್ನು ಕೊಲೆಗಾರನನ್ನಾಗಿ ಮಾಡುವಂತಿಲ್ಲ. ಈ ತೀರ್ಪನ್ನು ಎಷ್ಟು ಸಲ ಪಾಠ ಮಾಡಿದರೂ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಅದು ಸರಿಯಾದ ತೀರ್ಪು ಎಂದೇ ಹೇಳುತ್ತೇನೆ. ಅಪರಾಧಗಳನ್ನು ಸೃಷ್ಟಿಸುವುದು ಶಾಸನಸಭೆಯ ಕೆಲಸ, ನ್ಯಾಯಾಲಯದ್ದಲ್ಲ. ಶಾಸನಸಭೆಯೂ ಸುಮ್ಮನಿರಲಿಲ್ಲ. ಅದೇ ವರ್ಷ ಕೊಲೆಯ ವ್ಯಾಖ್ಯೆಗೆ ‘ಅಥವಾ ಭ್ರೂಣ’ ಎಂದು ಎರಡೇ ಪದ ಸೇರಿಸಿತು.

ಜೀವಂತ ಹುಟ್ಟಿದರೆ ಮಾತ್ರ ಮನುಷ್ಯ ಎಂಬ ನಿಯಮ ಇಂಗ್ಲೆಂಡಿನಿಂದ ಬಂದದ್ದು. ಅದನ್ನು ಮಾಡಿದವರು ಕಲ್ಲೆದೆಯವರು ಎಂದಲ್ಲ. ಏಟು ಬೀಳುವ ಮುನ್ನ ಮಗು ಬದುಕಿತ್ತೇ, ಏಟಿನಿಂದಲೇ ಸತ್ತಿತೇ ಎಂದು ಹೇಳಬಲ್ಲ ವೈದ್ಯ ಆಗ ಇರಲಿಲ್ಲ. ಈಗ ಸ್ಕ್ಯಾನಿಂಗ್ ಇದೆ, ಮರಣೋತ್ತರ ಪರೀಕ್ಷೆ ಇದೆ. ಆದರೂ ಆ ನಿಯಮದ ನೆರಳು ಸರಿದಿಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ಬಸುರಿ ಸಂಗಾತಿಗೆ ಚಾಕು ಹಾಕಿದ. ಮಗು ಅವಧಿಗೆ ಮುನ್ನ ಹುಟ್ಟಿ, ನಾಲ್ಕು ತಿಂಗಳು ಬದುಕಿ ಸತ್ತಿತು. ಇದು ಕೊಲೆಯಾಗದು, ಆದರೆ ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನ ನರಹತ್ಯೆ ಆಗಬಹುದು ಎಂದು 1997ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಅದೇ ಮಗು ಒಳಗೇ ಸತ್ತಿದ್ದರೆ ನರಹತ್ಯೆಯ ಮಾತೇ ಏಳುತ್ತಿರಲಿಲ್ಲ.

ಒಮ್ಮೆ ಉಪನ್ಯಾಸ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಆರೋಪಪಟ್ಟಿಯ ಪ್ರತಿ ಹಿಡಿದು ಬಂದಳು. ಮಡಿಕೆ ಬಿದ್ದು ಬಿದ್ದು ಹಾಳೆ ಹರಿಯುವಂತಾಗಿತ್ತು. ಅದರಲ್ಲಿ ಗಾಯಗಳ ಪಟ್ಟಿ: ಎಡಗೈ ಮೂಳೆ ಮುರಿತ, ತುಟಿಗೆ ಹೊಲಿಗೆ, ಬೆನ್ನಿಗೆ ಬಾಸುಂಡೆ. ನಾಲ್ಕನೆಯ ಸಾಲಿನಲ್ಲಿ ‘ಗರ್ಭ ನಷ್ಟ’. ಆ ಸಾಲಿನ ಮೇಲೆ ಬೆರಳಿಟ್ಟು, “ಮೇಡಂ, ಇದು ಗಾಯವೇ?” ಎಂದು ಕೇಳಿದಳು. ಅಂದಿನಿಂದ ನನ್ನ ಉತ್ತರದ ಮೊದಲ ಭಾಗದಲ್ಲಿ ಅಳುಕಿಲ್ಲ. ಅದು ಗಾಯವಲ್ಲ. ಬೇರೆಯೇ ಕಲಂ, ಬೇರೆಯೇ ಶಿಕ್ಷೆ ಇರಬೇಕು.

ಅಮೆರಿಕದ ಸಂಸತ್ತು 2004ರಲ್ಲಿ ಮಾಡಿದ್ದು ಇದನ್ನೇ. ಆ ಕಾನೂನಿಗೆ ಲೇಸಿ ಪೀಟರ್ಸನ್ ಮತ್ತು ಹುಟ್ಟದ ಅವಳ ಮಗು ಕಾನರ್ ಹೆಸರಿದೆ. 2002ರ ಡಿಸೆಂಬರಿನಲ್ಲಿ, ಎಂಟು ತಿಂಗಳ ಬಸುರಿಯಾಗಿದ್ದಾಗ ಕಾಣೆಯಾದವಳು ಲೇಸಿ. ಗಂಡನೇ ಕೊಂದನೆಂದು ಎರಡು ವರ್ಷದ ಬಳಿಕ ತೀರ್ಪಾಯಿತು, ಅದೂ ಎರಡು ಕೊಲೆಗಳ ಲೆಕ್ಕದಲ್ಲಿ. ಆದರೆ ಅವನಿಗೆ ಶಿಕ್ಷೆಯಾದದ್ದು ಈ ಕಾನೂನಿನಡಿ ಅಲ್ಲ, ಕೀಲರ್ ಪ್ರಕರಣದ ಬಳಿಕ ಕ್ಯಾಲಿಫೋರ್ನಿಯಾ ಸೇರಿಸಿದ ಆ ಎರಡು ಪದಗಳ ಬಲದಿಂದ. 2004ರ ಕಾನೂನು ಅನ್ವಯವಾಗುವುದು ಕೇಂದ್ರ ಸರ್ಕಾರದ ವ್ಯಾಪ್ತಿಯ ಅಪರಾಧಗಳಿಗೆ ಮಾತ್ರ. ಮಗುವನ್ನು ಎರಡನೆಯ ಬಲಿಪಶು ಎನ್ನದೆ, ಗರ್ಭ ಕಳೆದದ್ದಕ್ಕೆ ಅಷ್ಟೇ ಕಠಿಣ ಶಿಕ್ಷೆ ವಿಧಿಸೋಣ ಎಂಬ ಪರ್ಯಾಯವೂ ಸೆನೆಟ್‌ನಲ್ಲಿ ಬಂದಿತ್ತು. ಒಂದೇ ಮತದಿಂದ ಅದು ಬಿದ್ದುಹೋಯಿತು. ಭ್ರೂಣಕ್ಕೆ ವ್ಯಕ್ತಿಯ ಸ್ಥಾನ ಕೊಟ್ಟರೆ ನಾಳೆ ಅದೇ ಮಾತು ಗರ್ಭಪಾತದ ಹಕ್ಕಿನ ಮೇಲೆ ತಿರುಗುತ್ತದೆ ಎಂಬ ಭಯ ಪರ್ಯಾಯ ತಂದವರದು. ಆ ಭಯವನ್ನು ನಾನು ತಳ್ಳಿಹಾಕಲಾರೆ.

ಏಕೆಂದರೆ ನನ್ನ ಉತ್ತರದ ಎರಡನೆಯ ಭಾಗ ಇಲ್ಲಿದೆ. ಒಂದೇ ಎರಡೇ ಎಂಬ ಎಣಿಕೆಗಿಂತ ಕಟಕಟೆಯಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಮುಖ್ಯ. 2004ರ ಕಾನೂನು ಮೂವರನ್ನು ಹೊರಗಿಟ್ಟಿದೆ: ಒಪ್ಪಿಗೆ ಪಡೆದು ಗರ್ಭಪಾತ ಮಾಡಿದವರು, ಚಿಕಿತ್ಸೆ ಕೊಟ್ಟವರು, ಮತ್ತು ತನ್ನ ಗರ್ಭದ ವಿಷಯದಲ್ಲಿ ಆ ತಾಯಿ. ಆ ಕಾನೂನಿನ ಬೆನ್ನೆಲುಬೇ ಈ ವಿನಾಯಿತಿ. ಬೆನ್ನೆಲುಬು ಸಡಿಲವಾದಲ್ಲಿ ಏನಾಗುತ್ತದೆ ಎಂಬುದನ್ನು 2019ರಲ್ಲಿ ಅಲಬಾಮಾ ರಾಜ್ಯ ತೋರಿಸಿತು. ಜಗಳದಲ್ಲಿ ಹೊಟ್ಟೆಗೆ ಗುಂಡು ತಗುಲಿ ಐದು ತಿಂಗಳ ಮಗುವನ್ನು ಕಳೆದುಕೊಂಡ ಹೆಣ್ಣಿನ ಮೇಲೆಯೇ, ಜಗಳ ತೆಗೆದದ್ದು ಅವಳು ಎಂಬ ಕಾರಣಕ್ಕೆ, ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ನರಹತ್ಯೆಯ ಆರೋಪ ಹೊರಿಸಿತು. ಗುಂಡು ಹಾರಿಸಿದವರ ಮೇಲೆ ಹೊರಿಸಲಿಲ್ಲ. ಜನ ಸಿಡಿದೆದ್ದ ಮೇಲೆ ಸರ್ಕಾರಿ ವಕೀಲರು ಪ್ರಕರಣ ಕೈಬಿಟ್ಟರು.

‘ಹಾಗಾದರೆ ಭಾರತದಲ್ಲಿ?’ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಗರ್ಭದಲ್ಲಿರುವ ಮಗುವಿನ ಸಾವು ನರಹತ್ಯೆಯೇ ಅಲ್ಲ, ಹಾಗಾಗಿ ಕೊಲೆಯೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ ನೂರನೆಯ ಕಲಮಿನ ವಿವರಣೆ ಹಾಗೆಂದು ನೇರವಾಗಿಯೇ ಹೇಳುತ್ತದೆ. ಮಗುವಿನ ಯಾವುದೇ ಭಾಗ ಹೊರಬಂದಿದ್ದರೆ ಮಾತು ಬೇರೆ. ಹಾಗೆಂದು ಕಾನೂನು ಕೈಕಟ್ಟಿ ಕುಳಿತಿಲ್ಲ. ಹೆಣ್ಣಿನ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸಿದರೆ 89ನೆಯ ಕಲಮಿನಲ್ಲಿ ಜೀವಾವಧಿಯವರೆಗೆ ಶಿಕ್ಷೆ ಇದೆ. ತಾಯಿ ಸತ್ತಿದ್ದರೆ ದಂಡನೀಯ ನರಹತ್ಯೆಯಾಗುತ್ತಿದ್ದ ಹಲ್ಲೆಯಿಂದ, ಹೊಟ್ಟೆಯಲ್ಲಿ ಮಿಸುಕಾಡುತ್ತಿದ್ದ ಮಗು ಸತ್ತರೆ 92ನೆಯ ಕಲಂ ಹತ್ತು ವರ್ಷದವರೆಗೆ ಸೆರೆ ವಿಧಿಸುತ್ತದೆ. ಕೊಲೆ ಎನ್ನದೆಯೂ ಮಗುವಿನ ಸಾವನ್ನು ಪ್ರತ್ಯೇಕ ಅಪರಾಧ ಎಂದು ಗುರುತಿಸುವ ಈ ದಾರಿ ನನಗೆ ಒಪ್ಪಿಗೆ. ಹತ್ತು ವರ್ಷ ಸಾಲದು ಎಂಬುದಷ್ಟೇ ನನ್ನ ತಕರಾರು.

ನಿಜವಾದ ಜಗಳ ಇರುವುದು 88ನೆಯ ಕಲಮಿನ ಜೊತೆ. ಅದರ ಕೊನೆಗೆ ಒಂದು ಸಾಲಿನ ವಿವರಣೆ ಇದೆ: ತನಗೆ ತಾನೇ ಗರ್ಭಪಾತ ಮಾಡಿಕೊಳ್ಳುವ ಹೆಂಗಸೂ ಈ ಕಲಮಿಗೆ ಒಳಪಡುತ್ತಾಳೆ. ಮಗು ಮಿಸುಕಾಡುತ್ತಿದ್ದರೆ ಏಳು ವರ್ಷದವರೆಗೆ ಸೆರೆ. 1860ರ ದಂಡ ಸಂಹಿತೆಯಿಂದ ಈ ಸಾಲನ್ನು ಹಾಗೆಯೇ ಎತ್ತಿ ತಂದಿದ್ದಾರೆ. ಗರ್ಭದ ಮಗುವಿನ ಪರವಾಗಿ ಕಾನೂನು ಇನ್ನಷ್ಟು ಬಿಗಿಯಾಗಲಿ ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ಬಿಗಿ ಮಾಡುವ ತಿದ್ದುಪಡಿ ಬರುವ ದಿನ ಮೊದಲು ಆ ಒಂದು ಸಾಲು ಹೋಗಬೇಕು. 92ನೆಯ ಕಲಮಿನ ಶಿಕ್ಷೆ ಹೆಚ್ಚುವುದು ಅದಾದ ಮೇಲೆ.