ಆರು ಗಂಟೆಯ ಹಕ್ಕಿ

ಊರಿಗೆ, ಬದಿಯಡ್ಕಕ್ಕೆ ಬಂದು ಮೂರು ದಿನ ಆಯಿತು. ಇವತ್ತು ಬೆಳಿಗ್ಗೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಡಲು ಹೋದಾಗ ತರಗೆಲೆ ಸರಸರ ಎಂದಿತು. ಹಾವೇ ಇರಬೇಕೆಂದು ಹಿಂದೆ ಸರಿದೆ. ನೋಡಿದರೆ ನವರಂಗ ಹಕ್ಕಿ! ಹಸಿರು ಬೆನ್ನು, ರೆಕ್ಕೆಯಲ್ಲಿ ಮಿನುಗುವ ನೀಲಿ, ಬಾಲದ ಅಡಿ ಕುಂಕುಮ ಚೆಲ್ಲಿದಂಥ ಕೆಂಪು. ಬಾಲವೋ, ಯಾರೋ ಕತ್ತರಿಸಿಟ್ಟ ಹಾಗೆ ಮೋಟು. ಎಲೆ ಮಗುಚಿ ಹುಳ ಹೆಕ್ಕುತ್ತಾ, ಕುಪ್ಪಳಿಸುತ್ತಾ ನನ್ನ ಕಡೆಗೇ ಬಂತು. ಫೋನ್ ಮನೆಯಲ್ಲಿ ಚಾರ್ಜಿಗೆ ಇತ್ತು. ಇರಲಿ ಬಿಡಿ.

ಅಪ್ಪನಿಗೆ ಹೇಳಿದರೆ, "ಅದು ತಿಂಗಳಿಂದ ಇಲ್ಲೇ ಉಂಟು. ನೀನು ಏಳುವುದು ಲೇಟು" ಅಂದರು.

ಇದು ಜಾಸ್ತಿ ಮರಿ ಮಾಡುವುದು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ. ಚಳಿಗಾಲಕ್ಕೆ ನಮ್ಮ ಕಡೆಗೆ, ಶ್ರೀಲಂಕಾದವರೆಗೂ ಬರುತ್ತದೆ. ನನಗೆ ಬೆಂಗಳೂರಿಂದ ಬರಲೇ ರಜೆ ಹೊಂದುವುದಿಲ್ಲ! ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತಮಿಳರು 'ಆರುಮಣಿ ಕುರುವಿ', ಅಂದರೆ ಆರು ಗಂಟೆಯ ಹಕ್ಕಿ, ಅನ್ನುವುದು ಅದಕ್ಕೇ.

ಸಂಜೆ ಬೇಲಿ ಕಡೆಯಿಂದ ಆ ಸಿಳ್ಳೆ ಕೇಳಿಸಿತು. ಚಿಕ್ಕಂದಿನಿಂದ ಕೇಳಿದ ಸದ್ದೇ ಅದು. ಪಕ್ಕದ ಮನೆ ಹುಡುಗರದ್ದು ಅಂದುಕೊಂಡಿದ್ದೆ.