ಎಲ್ಲಾ ಗೊತ್ತಿದ್ದೂ ಮಾಡಲಾಗದವರಿಗೆ ಥೆರಪಿ ಏನು ಮಾಡುತ್ತದೆ?

"ಏನು ಮಾಡಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತು. ಆದರೂ ಮಾಡಲ್ಲ. ಥೆರಪಿಗೆ ಹೋಗಿ ಮಾತಾಡಿದರೆ ಏನು ಬದಲಾಗುತ್ತೆ?" ಎಡಿಎಚ್‌ಡಿ (ಗಮನ ಹಿಡಿದಿಡುವುದು, ತಮ್ಮನ್ನು ತಾವು ನಿಯಂತ್ರಿಸಿಕೊಳ್ಳುವುದು ಕಷ್ಟವಾಗುವ ತೊಂದರೆ) ಇರುವ ಮಕ್ಕಳು ಹದಿಹರೆಯಕ್ಕೆ ಬಂದಾಗ ಅಪ್ಪ ಅಮ್ಮಂದಿರು ನನ್ನಂಥ ಆಪ್ತಸಮಾಲೋಚಕರನ್ನು ಕೇಳುವ ಪ್ರಶ್ನೆ ಇದು. ದೊಡ್ಡವರು ತಮ್ಮ ಬಗ್ಗೆಯೇ ಹೀಗೆ ಕೇಳುತ್ತಾರೆ.

ಗೊತ್ತಿದೆ ಅನ್ನುವುದು ನಿಜವೇ. ಗೊತ್ತಿರುವುದನ್ನು ಬೇಕಾದ ಹೊತ್ತಿಗೆ ಶುರು ಮಾಡುವುದೇ ಕಷ್ಟ. ನೆರವು ಕೆಲಸ ನಡೆಯುವ ಜಾಗದಲ್ಲಿ, ಆ ಹೊತ್ತಿನಲ್ಲೇ ಸಿಗಬೇಕು ಎಂದು ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಸುಮ್ನೆ ಬುದ್ಧಿಮಾತು ಹೇಳಿ ಕಳಿಸಿದರೆ, ಸಂಜೆ ಪುಸ್ತಕದ ಮುಂದೆ ಕೂತಾಗ ಅದು ನೆನಪಿಗೇ ಬರುವುದಿಲ್ಲ.

ಎಡಿಎಚ್‌ಡಿಗೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ರೂಢಿಗಳನ್ನು ಬದಲಾಯಿಸಿಕೊಳ್ಳಲು ಕಲಿಸುವ ಥೆರಪಿ, ಬೇರೆ ಥರ. ಔಷಧಿ ತೆಗೆದುಕೊಂಡರೂ ತೊಂದರೆ ಉಳಿದಿದ್ದ 86 ವಯಸ್ಕರ ಮೇಲೆ ಸ್ಟೀವನ್ ಸಾಫ್ರೆನ್ ಅವರ ತಂಡ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ವಿಶ್ರಾಂತಿ ತಂತ್ರ ಕಲಿತ ಗುಂಪಿಗಿಂತ ಸಿಬಿಟಿ ಪಡೆದವರಲ್ಲಿ ಲಕ್ಷಣಗಳು ಜಾಸ್ತಿ ತಗ್ಗಿದವು. ಅಲ್ಲಿ ಕಲಿಸುವುದು ತೀರಾ ಸಾದಾ ಅನ್ನಿಸಬಹುದು. ಒಂದೇ ಕ್ಯಾಲೆಂಡರ್, ಒಂದೇ ಪಟ್ಟಿ, ದಿನಾ ತಪ್ಪದೆ ಅದನ್ನು ನೋಡುವ ರೂಢಿ. ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ಇಟ್ಟು ನೋಡಿ, ಕೆಲಸವನ್ನು ಅಷ್ಟೇ ಉದ್ದದ ತುಂಡುಗಳಾಗಿ ಒಡೆಯುವುದು. ನಡುವೆ ಬೇರೆ ಯೋಚನೆ ಬಂತಾ? ಪಕ್ಕದ ಹಾಳೆಯಲ್ಲಿ ಬರೆದಿಟ್ಟು ವಾಪಸ್ ಬರುವುದು. ನನಗೆ ಬಹಳ ಇಷ್ಟವಾದ ಉಪಾಯ ಇದು. ಆ ಯೋಚನೆ ಕಳೆದುಹೋಗುವುದಿಲ್ಲ ಎಂಬ ಧೈರ್ಯ ಇದ್ದರೆ, ಅದರ ಹಿಂದೆ ಓಡುವ ಅವಸರ ಇರುವುದಿಲ್ಲ.

ಇದರ ಜೊತೆಗೇ "ನಾನು ಸೋಮಾರಿ, ನನ್ನಿಂದ ಏನೂ ಆಗಲ್ಲ" ಎಂಬ ನಂಬಿಕೆಯನ್ನೂ ಕೈಗೆತ್ತಿಕೊಳ್ಳಬೇಕು. ವರ್ಷಗಟ್ಟಲೆ ಬೈಸಿಕೊಂಡವರಲ್ಲಿ ಅದು ಬೇರು ಬಿಟ್ಟಿರುತ್ತದೆ. ಕೆಲಸ ನೋಡಿದ ಕೂಡಲೇ ನಾಚಿಕೆ ಮುತ್ತಿಕೊಳ್ಳುತ್ತದೆ, ಮತ್ತೆ ಮುಂದೂಡುತ್ತಾರೆ.

ಔಷಧಿ ಬೇಡವಾ ಎಂದೂ ಕೇಳುತ್ತಾರೆ. ಅದು ಮನೋವೈದ್ಯರ ಜೊತೆ ಕೂತು ತೀರ್ಮಾನಿಸುವ ವಿಷಯ. ಮೀಥೈಲ್‌ಫೆನಿಡೇಟ್ ಅದೇ ದಿನ ಕೆಲಸ ಮಾಡುತ್ತದೆ, ಅಟೊಮಾಕ್ಸೆಟಿನ್‌ಗೆ ವಾರಗಳು ಬೇಕು. ಗಮನ ಹಿಡಿದಿಡಲು ಮಾತ್ರೆ ನೆರವಾಗುತ್ತದೆ, ಆದರೆ ದಿನವನ್ನು ಹೇಗೆ ಜೋಡಿಸಿಕೊಳ್ಳಬೇಕು ಎಂದು ಕಲಿಸುವುದಿಲ್ಲ.

ಮನೆಯವರಿಗೆ ಒಂದು ಮಾತು. ಬಾಗಿಲಲ್ಲಿ ನಿಂತು ನೆನಪಿಸುವುದಕ್ಕಿಂತ ಪಕ್ಕದಲ್ಲಿ ಕೂತು ನಿಮ್ಮ ಪಾಡಿಗೆ ನಿಮ್ಮ ಕೆಲಸ ಮಾಡಿ. ಜೊತೆಗೆ ಒಬ್ಬರು ಇದ್ದರೆ ಶುರು ಮಾಡುವುದು ಎಷ್ಟೋ ಜನರಿಗೆ ಸುಲಭ. ಎರಡು ವಾರ ಚೆನ್ನಾಗಿ ನಡೆಯಿತು ಎಂದು ಆ ನೆರವನ್ನು ತೆಗೆದುಬಿಡಬೇಡಿ. ಚೆನ್ನಾಗಿ ನಡೆದಿದ್ದೇ ಅದರಿಂದ, ಅಲ್ವಾ? ಹೊಸ ಪ್ಲಾನರ್ ಸ್ವಲ್ಪ ದಿನಕ್ಕೆ ಬೇಜಾರಾದರೆ ಬೈಯಬೇಡಿ, ಬದಲಾಯಿಸಿ.

ಥೆರಪಿಸ್ಟನ್ನು ಮೊದಲ ಸಲ ಭೇಟಿಯಾದಾಗ ಹೀಗೆ ಕೇಳಿ: "ಇವತ್ತಿನಿಂದ ಮುಂದಿನ ಭೇಟಿಯವರೆಗೆ ಏನು ಮಾಡಿ ನೋಡೋಣ? ಮಾಡಲು ಆಗದಿದ್ದರೆ ಆಗ ಏನು ಮಾಡುತ್ತೇವೆ?" ಎರಡನೆಯ ಪ್ರಶ್ನೆಗೂ ಅವರ ಹತ್ತಿರ ಉತ್ತರ ಇರಬೇಕು.