ಮೈಲುತುತ್ತದ ನೀಲಿ

ಅಡಿಕೆ ತೋಟದ ಮನೆಯಿಂದ ಬಂದ ನನಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್‌ನ ನೀಲಿ ಹರಳು, ಹೊಸದೇನಾಗಿರಲಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗೌಡನಿಗೂ ಬಾಯಿಪಾಠವಾಗಿತ್ತು. ಆದರೆ ಆ ಹರಳಿನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬರೀ ನೀರೇ ಎಂಬುದು ನನಗೆ ತಿಳಿದದ್ದು ಈ ಕಾಲೇಜಿನ ಪ್ರಯೋಗಾಲಯದಲ್ಲಿ, ಕೊಟ್ಟ ಲವಣ ಯಾವುದೆಂದು ಪತ್ತೆಹಚ್ಚುವ ಲವಣ ವಿಶ್ಲೇಷಣೆಯ ಮೊದಲ ದಿನ.

ಒಣ ಪ್ರನಾಳಕ್ಕೆ ಚಿಟಿಕೆ ಹರಳು ಹಾಕಿ, ಅದರ ಬಾಯಿ ತುಸು ಕೆಳಗೆ ಬಾಗಿರುವಂತೆ ಇಕ್ಕಳದಲ್ಲಿ ಹಿಡಿದು ಕಾಯಿಸಬೇಕೆಂದು ಮೇಷ್ಟ್ರು ತೋರಿಸಿಕೊಟ್ಟರು. ಹೊರಬಂದ ಆವಿ ಮೇಲ್ಭಾಗದಲ್ಲಿ ಹನಿಗಟ್ಟಿ ಕಾದ ತಳಕ್ಕೆ ಮರಳಿ ಹರಿದರೆ ಗಾಜು ಸೀಳುತ್ತದೆ. ಹರಳಿನ ಐದು ನೀರಿನ ಅಣುಗಳಲ್ಲಿ ನಾಲ್ಕು 110 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನೊಳಗೆ ಬಿಟ್ಟುಹೋಗುತ್ತವೆ, ಐದನೆಯದು ಹೊರಡಲು 200 ಡಿಗ್ರಿಯಾದರೂ ಬೇಕು. ನೀಲಿ ಮಾಸುತ್ತ ಬಂದು ಕೊನೆಗೆ ಸುಣ್ಣದಂಥ ಬಿಳಿಯ ಪುಡಿ ಉಳಿಯಿತು. ಆರಿದ ಪುಡಿಗೆ ಮೇಷ್ಟ್ರು ಒಂದು ಹನಿ ನೀರು ಬಿಟ್ಟರು. ನೀಲಿ ಮರಳಿತು, ಪ್ರನಾಳವೂ ಬೆಚ್ಚಗಾಯಿತು.

ನವಸಾಗರ ಕರಗದೆಯೇ ಹೊಗೆಯಾಗಿ ಮೇಲೆ ಬಿಳಿಯ ಪದರವಾದದ್ದನ್ನೂ, ಅಯೋಡಿನ್‌ನ ನೇರಳೆ ಆವಿಯನ್ನೂ ಎಲ್ಲರೂ ಮೆಚ್ಚಿ ನೋಡಿದೆವು. ಅನ್ನಭೇದಿಯ (ಕಬ್ಬಿಣದ ಸಲ್ಫೇಟ್) ಸರದಿ ಬಂದಾಗ ಮಾತ್ರ ಘಾಟಿಗೆ ಕಿಟಕಿಗಳನ್ನೆಲ್ಲ ತೆರೆಯಬೇಕಾಯಿತು. ಅದರ ಹಸಿರು ಮೊದಲು ಬಿಳಿಯಾಗಿ, ಇನ್ನೂ ಕಾಯಿಸಿದಾಗ ಕೆಮ್ಮಣ್ಣಿನ ಬಣ್ಣದ ಕಬ್ಬಿಣದ ಆಕ್ಸೈಡ್ ಆಯಿತು, ನೀರು ಹಾಕಿದರೆ ಹಸಿರು ಮರಳಲಿಲ್ಲ.

ನಾನು ಎಡವಿದ್ದು ಸತುವಿನ ಕಾರ್ಬೊನೇಟ್‌ನಲ್ಲಿ. ಕಾದ ಪುಡಿ ಹಳದಿಯಾದ ಕೂಡಲೇ ಆತುರದಿಂದ ‘ಸೀಸ’ ಎಂದು ಬರೆದು ದಾಖಲೆ ಪುಸ್ತಕವನ್ನು ಮುಂದಿಟ್ಟೆ. ‘ಆರಿದ ಮೇಲೆ ನೋಡಿದೆಯೇನಯ್ಯಾ?’ ಎಂದರು ಮೇಷ್ಟ್ರು. ಹಿಂದಿರುಗಿ ನೋಡುವಷ್ಟರಲ್ಲಿ ಪುಡಿ ತಾನೇ ತಾನಾಗಿ ಬೆಳ್ಳಗಾಗಿತ್ತು. ಸತುವಿನ ಆಕ್ಸೈಡ್ ಬಿಸಿಯಲ್ಲಿ ಹಳದಿ, ತಣ್ಣಗಾದರೆ ಬಿಳಿ; ಸೀಸದ್ದು ತಣ್ಣಗಾದ ಮೇಲೂ ಹಳದಿಯೇ. ಆ ಪುಟದ ಕೆಂಪು ಗೀಟು ಈಗಲೂ ನನ್ನ ಬಳಿ ಇದೆ.

ಆ ದಿನ ಬಿಳಿಯ ಮೈಲುತುತ್ತವನ್ನು ಕಾಗದದಲ್ಲಿ ಕಟ್ಟಿ, ಯಾರಿಗೂ ಹೇಳದೆ ಮನೆಗೆ ಒಯ್ದಿದ್ದೆ (ಅದು ವಿಷ, ಒಯ್ಯಬಾರದಿತ್ತು). ಆಷಾಢದ ಮಳೆ ಬಿಡದೆ ಸುರಿಯುತ್ತಿತ್ತು. ಅಪ್ಪನಿಗೆ ತೋರಿಸೋಣವೆಂದು ಬೆಳಿಗ್ಗೆ ಪೊಟ್ಟಣ ಬಿಚ್ಚಿದರೆ, ಯಾರೂ ಹನಿ ನೀರು ಸೋಕಿಸದಿದ್ದರೂ ಪುಡಿಗೆಲ್ಲ ತಿಳಿನೀಲಿ ಹತ್ತಿತ್ತು.